ಬೀಜದ ಪಾಕೀಟಿನ ಹಿಂಬದಿಯ ಸಣ್ಣಕ್ಷರಗಳು

ಮಾನ್ಯ ಸಂಪಾದಕರೇ,

ಮುಂಗಾರು ಹೊಸ್ತಿಲಲ್ಲಿದೆ. ಬಳ್ಳಾರಿ, ಸಿರುಗುಪ್ಪ, ಕುರುಗೋಡು, ಕಂಪ್ಲಿಯ ಬೀಜದ ಅಂಗಡಿಗಳಲ್ಲಿ ಇನ್ನು ಕೆಲವೇ ದಿನಗಳಲ್ಲಿ ಮೆಣಸಿನಕಾಯಿ ಬೀಜದ ವ್ಯಾಪಾರ ಜೋರಾಗುತ್ತದೆ. ಹಣ ಎಣಿಸಿಕೊಟ್ಟು, ಇಲ್ಲವೇ ಉದ್ದರಿ ಬರೆಸಿ, ಪಾಕೀಟುಗಳನ್ನು ಕೈಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತುವ ನಮ್ಮ ರೈತರಿಗೆ ಆ ಪಾಕೀಟಿನ ಹಿಂಬದಿಯಲ್ಲಿ ಏನು ಅಚ್ಚಾಗಿದೆ ಎಂಬುದು ಗೊತ್ತಿರುವುದಿಲ್ಲ. ಬೆಳೆ ಕೈಕೊಟ್ಟ ದಿನ ಮಾತ್ರ ಅಂಗಡಿಯವರು ಅದೇ ಬರಹದ ಮೇಲೆ ಬೆರಳಿಟ್ಟು ತೋರಿಸುತ್ತಾರೆ. ಆ ಬರಹಕ್ಕೆ ಕಾನೂನಿನಲ್ಲಿ ಎಷ್ಟು ಬಲವಿದೆ, ಎಷ್ಟು ಇಲ್ಲ ಎಂಬುದನ್ನು ನಿಮ್ಮ ಪತ್ರಿಕೆಯ ಮೂಲಕ ಓದುಗರ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ. ಬಿ.ಕಾಂ. ವಿದ್ಯಾರ್ಥಿಗಳಿಗೆ ವ್ಯವಹಾರ ಕಾನೂನನ್ನು ಬಹಳ ವರ್ಷ ಪಾಠ ಮಾಡಿದವನು ನಾನು. ಆದರೆ ಆ ಪಾಠ ನಮ್ಮ ಮನೆಯ ಹೊಲಕ್ಕೇ ಬಂದು ನಿಂತದ್ದು ಕಳೆದ ಹಂಗಾಮಿನಲ್ಲಿ.

ನನ್ನ ಅಣ್ಣನ ಮಗ ಮೂರು ಎಕರೆಗೆಂದು ಹತ್ತು ಗ್ರಾಂ ತೂಕದ ಮೂವತ್ತು ಪಾಕೀಟು ಹೈಬ್ರಿಡ್ ಮೆಣಸಿನಕಾಯಿ ಬೀಜ ತಂದ. ಪಾಕೀಟಿಗೆ 550 ರೂಪಾಯಿಯಂತೆ ಒಟ್ಟು 16,500 ರೂಪಾಯಿ. ಅಂಗಡಿಯಲ್ಲಿ ಅವನು ಕೇಳಿದ್ದು ಬ್ಯಾಡಗಿ ಮಾದರಿಯ, ಉದ್ದನೆಯ, ಸುಕ್ಕುಗಟ್ಟುವ ಕಾಯಿಯ ಬೀಜವನ್ನು. ಪಾಕೀಟಿನ ಮುಂಭಾಗದಲ್ಲಿ ಇದ್ದ ಚಿತ್ರವೂ ಅದೇ ಕಾಯಿಯದು. ಜುಲೈನಲ್ಲಿ ಮಡಿ ಹಾಕಿದ, ಆಗಸ್ಟಿನಲ್ಲಿ ಸಸಿ ನಾಟಿ ಮಾಡಿಸಿದ. ಮೊಳಕೆಯಲ್ಲಿ ಯಾವ ದೋಷವೂ ಕಾಣಲಿಲ್ಲ. ನವೆಂಬರಿನಲ್ಲಿ ಕಾಯಿ ತುಂಬಿದಾಗ ನೋಡಿದರೆ, ಪ್ರತಿ ಸಾಲಿನಲ್ಲೂ ಹೆಚ್ಚುಕಡಿಮೆ ಮೂರರಲ್ಲಿ ಒಂದು ಗಿಡ ಬೇರೆಯದೇ ಜಾತಿ. ಗಿಡ್ಡನೆಯ, ದಪ್ಪ ತೊಗಟೆಯ, ಸುಕ್ಕೇ ಇಲ್ಲದ ನುಣುಪು ಕಾಯಿ. ಕೂಲಿಯವರು ಎರಡನ್ನೂ ಒಟ್ಟಿಗೇ ಬಿಡಿಸುತ್ತಾರೆ. ಕಣದಲ್ಲಿ ಒಣಗಿದ ಮೇಲೆ ಆರಿಸಿ ಬೇರೆ ಮಾಡುವ ಕೂಲಿ, ಕಾಯಿಯ ಬೆಲೆಯನ್ನೇ ತಿನ್ನುತ್ತದೆ. ಬೆರಕೆ ಮಾಲೆಂದು ಬ್ಯಾಡಗಿ ಮಾರುಕಟ್ಟೆಯಲ್ಲಿ ದರ ಬಿದ್ದುಹೋಯಿತು. ಮೂರು ಎಕರೆಗೆ ಗೊಬ್ಬರ, ಔಷಧಿ, ಕೂಲಿ ಎಲ್ಲ ಸೇರಿ ಅವನು ಸುರಿದದ್ದು ಮೂರು ಲಕ್ಷಕ್ಕೂ ಮೇಲೆ.

ಅಂಗಡಿಗೆ ಹೋದಾಗ ಮಾಲೀಕರು ಸಿಟ್ಟಾಗಲಿಲ್ಲ. ಚಹಾ ತರಿಸಿದರು. ಆಮೇಲೆ ರಸೀದಿ ಪುಸ್ತಕದ ಕಾರ್ಬನ್ ಪ್ರತಿಯನ್ನು ತೆರೆದು, ‘ಒಮ್ಮೆ ಮಾರಿದ ಮಾಲನ್ನು ವಾಪಸು ಪಡೆಯಲಾಗುವುದಿಲ್ಲ’ ಎಂಬ ನೇರಳೆ ಬಣ್ಣದ ರಬ್ಬರ್ ಮೊಹರನ್ನು ತೋರಿಸಿದರು. ಬಳಿಕ ಪಾಕೀಟನ್ನು ಮಗುಚಿದರು. ಹಿಂಬದಿಯಲ್ಲಿ ಜೋಳದ ಕಾಳಿಗಿಂತ ಸಣ್ಣ ಅಕ್ಷರಗಳಲ್ಲಿ, ಇಂಗ್ಲಿಷಿನಲ್ಲಿ, ಎಂಟು ಸಾಲು. ಅದರ ಸಾರಾಂಶ ಇಷ್ಟು: ಮಣ್ಣು, ಹವಾಮಾನ, ನೀರು, ಬೇಸಾಯದ ಕ್ರಮ ಇವು ಕಂಪನಿಯ ಹತೋಟಿಯಲ್ಲಿ ಇಲ್ಲದ್ದರಿಂದ ಬೆಳೆಯ ಬಗ್ಗೆ ಯಾವುದೇ ವಾರಂಟಿ ಇಲ್ಲ, ಯಾವುದೇ ಸಂದರ್ಭದಲ್ಲಿ ಕಂಪನಿಯ ಹೊಣೆ ಬೀಜದ ಬೆಲೆಯನ್ನು ಮೀರುವುದಿಲ್ಲ, ಪಾಕೀಟನ್ನು ತೆರೆದರೆ ಈ ಷರತ್ತುಗಳನ್ನು ಒಪ್ಪಿದಂತೆ. ಕನ್ನಡದಲ್ಲಿ ಇದ್ದದ್ದು ಒಂದೇ ಸಾಲು, ಬೀಜಕ್ಕೆ ವಿಷ ಲೇಪಿಸಲಾಗಿದೆ, ತಿನ್ನಬಾರದು ಎಂದು.

ಈ ಎಂಟು ಸಾಲುಗಳಲ್ಲಿ ಮೊದಲ ಭಾಗ ನ್ಯಾಯವಾದದ್ದೇ. ಮಳೆ ಹಿಡಿದರೆ, ಕಾಲುವೆಗೆ ನೀರು ಬಾರದಿದ್ದರೆ, ಮುಟುರು ರೋಗ ಬಂದರೆ ಬೀಜದ ಕಂಪನಿಯನ್ನು ಹೊಣೆ ಮಾಡುವುದು ತಪ್ಪು. ಆದರೆ ಒಂದು ಜಾತಿಯ ಹೆಸರಿನಲ್ಲಿ ಇನ್ನೊಂದು ಜಾತಿಯ ಬೀಜ ಕೊಟ್ಟದ್ದಕ್ಕೂ ಮಣ್ಣಿಗೂ ಮಳೆಗೂ ಏನು ಸಂಬಂಧ? ಒಂದೇ ವಾಕ್ಯದೊಳಗೆ ದೇವರ ಕೈಯಲ್ಲಿರುವುದನ್ನೂ ಕಂಪನಿಯ ಕೈಯಲ್ಲಿರುವುದನ್ನೂ ಕಲಸಿ ಎರಡಕ್ಕೂ ಕೈ ತೊಳೆದುಕೊಳ್ಳುವುದು ಸರಿಯಲ್ಲ.

ಕಾನೂನು ಹೇಳುವುದನ್ನು ನೋಡೋಣ. ನಮ್ಮಲ್ಲಿ ಸರಕು ಮಾರಾಟಕ್ಕೆ ಆಧಾರ 1930ರ ಸರಕು ಮಾರಾಟ ಕಾಯ್ದೆ. ಅದರ 12ನೆಯ ಕಲಂ ಮಾರಾಟದ ಒಪ್ಪಂದದಲ್ಲಿನ ಮಾತುಗಳನ್ನು ಎರಡು ಬಗೆ ಮಾಡುತ್ತದೆ. ಒಪ್ಪಂದದ ಬುಡಕ್ಕೇ ಸೇರಿದ ಮಾತು ‘ಷರತ್ತು’. ಅದು ಮುರಿದರೆ ಕೊಂಡವನು ಮಾಲನ್ನೇ ನಿರಾಕರಿಸಬಹುದು. ಬುಡಕ್ಕೆ ಅಂಟಿಕೊಂಡಿರುವ, ಆದರೆ ಬುಡವೇ ಅಲ್ಲದ ಮಾತು ‘ವಾರಂಟಿ’; ಅದು ಮುರಿದರೆ ನಷ್ಟ ಪರಿಹಾರ ಮಾತ್ರ. ಜನರ ಬಾಯಲ್ಲಿ ವಾರಂಟಿ ಎಂದರೆ ದೊಡ್ಡ ಭರವಸೆ, ಷರತ್ತು ಎಂದರೆ ಅಂಗಡಿಯವರು ಹೇರುವ ಕಟ್ಟಳೆ. ಕಾನೂನಿನಲ್ಲಿ ಇದು ತಲೆಕೆಳಗು: ಷರತ್ತೇ ದೊಡ್ಡದು, ವಾರಂಟಿ ಸಣ್ಣದು. ‘ವಾರಂಟಿ ಇಲ್ಲ’ ಎಂಬ ಎರಡು ಪದ ಓದಿದ ಕೂಡಲೇ ‘ಹಾಗಾದರೆ ನನಗೆ ಏನೂ ಹಕ್ಕಿಲ್ಲ’ ಎಂದು ರೈತ ಎದ್ದು ಬರುವುದಕ್ಕೆ ಈ ಗೊಂದಲವೇ ಕಾರಣ ಎಂದು ನನ್ನ ತಿಳಿವಳಿಕೆ.

ವಿವರಣೆಯ ಮೇಲೆ ಮಾರಿದ ಮಾಲು ಆ ವಿವರಣೆಗೆ ತಕ್ಕಂತೆಯೇ ಇರಬೇಕು ಎನ್ನುತ್ತದೆ 15ನೆಯ ಕಲಂ. ಬಾಯಿಬಿಟ್ಟು ಯಾರೂ ಹೇಳದಿದ್ದರೂ ಅಂಥ ಪ್ರತಿ ಮಾರಾಟದಲ್ಲಿ ಅಡಗಿರುವ ಷರತ್ತು ಇದು. 16ನೆಯ ಕಲಂ ಮೊದಲಿಗೆ ‘ಕೊಳ್ಳುವವನೇ ಎಚ್ಚರದಿಂದಿರಬೇಕು’ ಎಂಬ ಹಳೆಯ ನಿಯಮವನ್ನು ಒಪ್ಪುತ್ತದೆಯಾದರೂ, ಕೂಡಲೇ ಅದಕ್ಕೆ ದೊಡ್ಡ ವಿನಾಯಿತಿಗಳನ್ನು ಕೊಡುತ್ತದೆ. ಯಾವ ಉದ್ದೇಶಕ್ಕೆ ಬೇಕೆಂದು ತಿಳಿಸಿ, ಮಾರುವವನ ತಿಳಿವಳಿಕೆಯನ್ನು ನಂಬಿ ಕೊಂಡರೆ, ಮಾಲು ಆ ಉದ್ದೇಶಕ್ಕೆ ಒದಗಬೇಕು. ಅಂಥ ಮಾಲನ್ನು ಮಾರುವ ಕಸುಬಿನವನಿಂದ ವಿವರಣೆಯ ಮೇಲೆ ಕೊಂಡರೆ ಅದು ವ್ಯಾಪಾರಕ್ಕೆ ಯೋಗ್ಯವಾದ ಗುಣಮಟ್ಟದ್ದಾಗಿರಬೇಕು. ಬ್ರ್ಯಾಂಡ್ ಹೆಸರು ಹೇಳಿಯೇ ಕೊಂಡವನಿಗೆ ಮೊದಲನೆಯ ರಕ್ಷಣೆ ಸಿಗುವುದಿಲ್ಲ ಎಂಬ ಪರಂತುಕ, ಅಂದರೆ ಅಪವಾದದ ಮಾತು, ಒಂದಿದೆ, ಅಂಗಡಿಯವರ ಪರ ವಕೀಲರು ಅದನ್ನೇ ಹಿಡಿದುಕೊಳ್ಳುವುದುಂಟು. ಆದರೆ ಅದು ವಿವರಣೆಯ ಷರತ್ತನ್ನು ಮುಟ್ಟುವುದಿಲ್ಲ. ಕೊಳ್ಳುವಾಗಲೇ ಪರೀಕ್ಷಿಸಿದ್ದರೆ ಕಾಣುತ್ತಿದ್ದ ದೋಷಕ್ಕೆ ಮಾರಿದವನು ಹೊಣೆಯಲ್ಲ ಎಂಬ ಮಾತೂ ಇದೆ. ಮೆಣಸಿನಕಾಯಿ ಬೀಜವನ್ನು ಅಂಗೈಯಲ್ಲಿ ಹರವಿಕೊಂಡು ಭೂತಗನ್ನಡಿ ಹಿಡಿದು ನೋಡಿದರೂ ಯಾವುದರಿಂದ ಸುಕ್ಕು ಕಾಯಿ ಬರುತ್ತದೆ, ಯಾವುದರಿಂದ ನುಣುಪು ಕಾಯಿ ಬರುತ್ತದೆ ಎಂದು ಹೇಳಬಲ್ಲವರು ಯಾರಿದ್ದಾರೆ?

‘ವಾರಂಟಿ ಇಲ್ಲ’ ಎಂಬ ಬರಹದ ಬಗ್ಗೆ ನೂರು ವರ್ಷಕ್ಕೂ ಹಿಂದಿನ ಒಂದು ತೀರ್ಪನ್ನು ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತಿದ್ದೆ. ನಮ್ಮ ಕಾಯ್ದೆಗೆ ಅಚ್ಚು ಒದಗಿಸಿದ್ದು ಇಂಗ್ಲೆಂಡಿನ 1893ರ ಕಾಯ್ದೆ. ಅದರ ಕೆಳಗೆ 1911ರಲ್ಲಿ ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಮುಂದೆ ಬಂದದ್ದೂ ಬೀಜದ ಪ್ರಕರಣವೇ. ಸೇನ್‌ಫಾಯಿನ್ ಎಂಬ ಮೇವಿನ ಬೆಳೆಯ ಸಾಮಾನ್ಯ ಜಾತಿಯ ಬೀಜವೆಂದು ಮಾರಿದ್ದರು, ಬೆಳೆದು ನಿಂತದ್ದು ದೈತ್ಯ ಜಾತಿ. ಬೆಳವಣಿಗೆಯ ಬಗ್ಗೆಯಾಗಲಿ, ವಿವರಣೆಯ ಬಗ್ಗೆಯಾಗಲಿ ಯಾವುದೇ ವಾರಂಟಿ ಕೊಡುವುದಿಲ್ಲ ಎಂದು ಮಾರಿದವರು ಮೊದಲೇ ಬರೆದಿಟ್ಟಿದ್ದರು. ಆ ಬರಹ ವಾರಂಟಿಯನ್ನು ಮಾತ್ರ ತಳ್ಳಿಹಾಕುತ್ತದೆ, ಷರತ್ತನ್ನಲ್ಲ. ಹೇಳಿದ ಜಾತಿಯ ಬೀಜವನ್ನೇ ಕೊಡಬೇಕೆಂಬುದು ಷರತ್ತು. ಆದ್ದರಿಂದ ನಷ್ಟ ತುಂಬಿಕೊಡಬೇಕು ಎಂದು ನ್ಯಾಯಾಧೀಶರು ಹೇಳಿದರು. ಬಿತ್ತಿದ ಬೀಜವನ್ನು ಹಿಂದಿರುಗಿಸಲು ಬರುವುದಿಲ್ಲ, ನಿಜ. ಮಾಲನ್ನು ಒಪ್ಪಿಕೊಂಡ ಮೇಲೆ ಷರತ್ತಿನ ಉಲ್ಲಂಘನೆಗೂ ಪರಿಹಾರವಾಗಿ ಹಣವನ್ನಷ್ಟೇ ಕೇಳಬಹುದು ಎಂದು ನಮ್ಮ 13ನೆಯ ಕಲಂ ಹೇಳುತ್ತದೆ. ಆದರೆ ಕೇಳುವ ಹಕ್ಕು ಉಳಿದೇ ಇರುತ್ತದೆ.

ಇನ್ನು ಕಹಿಯಾದ ಮಾತನ್ನೂ ಹೇಳಬೇಕು. ಅದೇ ಕಾಯ್ದೆಯ 62ನೆಯ ಕಲಂ, ಹೀಗೆ ಅಡಗಿರುವ ಹಕ್ಕುಗಳನ್ನು ಸ್ಪಷ್ಟ ಒಪ್ಪಂದದಿಂದ, ಇಬ್ಬರ ನಡುವೆ ನಡೆದು ಬಂದ ವ್ಯವಹಾರದ ಕ್ರಮದಿಂದ, ಇಲ್ಲವೇ ಇಬ್ಬರನ್ನೂ ಕಟ್ಟಿಹಾಕುವಂಥ ರೂಢಿಯಿಂದ ತೆಗೆದುಹಾಕಬಹುದು ಎನ್ನುತ್ತದೆ. ಅಂದರೆ 15 ಮತ್ತು 16ನೆಯ ಕಲಮುಗಳು ಒಂದು ಕೈಯಲ್ಲಿ ಕೊಟ್ಟದ್ದನ್ನು 62ನೆಯ ಕಲಂ ಇನ್ನೊಂದು ಕೈಯಲ್ಲಿ ಕಸಿಯಲು ಬಿಟ್ಟಿದೆ. ಜಾಣತನದಿಂದ ಬರೆದ ಬರಹ ವಾರಂಟಿಯ ಜೊತೆ ಷರತ್ತನ್ನೂ ತಳ್ಳಿಹಾಕಬಲ್ಲದು. ಹಾಗಿದ್ದರೂ ಆ ಕಲಂ ಕೇಳುವುದು ‘ಒಪ್ಪಂದ’ವನ್ನು. ಹಣ ಕೊಟ್ಟು, ಮಾಲು ಕೈಗೆ ಬಂದು, ವ್ಯಾಪಾರ ಮುಗಿದ ಮೇಲೆ ಮನೆಯಲ್ಲಿ ಮಗುಚಿ ನೋಡಿದಾಗ ಕಾಣುವ ಮಾತು ಒಪ್ಪಂದದ ಭಾಗವಾಗುವುದು ಹೇಗೆ? ಹೊಣೆ ಕಳಚಿಕೊಳ್ಳುವ ಇಂಥ ಮಾತನ್ನು ವ್ಯಾಪಾರ ಕುದುರುವ ಮೊದಲು, ಇಲ್ಲವೇ ಕುದುರುವಾಗಲೇ ತಿಳಿಸಬೇಕು ಎಂಬುದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿದ ತತ್ವ. 1949ರಲ್ಲಿ ಇಂಗ್ಲೆಂಡಿನ ಹೋಟೆಲೊಂದು, ಬಾಡಿಗೆ ಕಟ್ಟಿಸಿಕೊಂಡ ಮೇಲೆ ಅತಿಥಿ ಕಾಣುವಂತೆ ಕೋಣೆಯ ಗೋಡೆಗೆ ‘ಕಳವಾದರೆ ನಾವು ಹೊಣೆಯಲ್ಲ’ ಎಂಬ ಫಲಕ ಹಾಕಿತ್ತು. ಆ ಫಲಕ ಒಪ್ಪಂದಕ್ಕೆ ಸೇರುವುದಿಲ್ಲ ಎಂದು ತೀರ್ಪಾಯಿತು. ನಮ್ಮ ಮದ್ರಾಸ್ ಹೈಕೋರ್ಟು 1960ರ ದಶಕದಲ್ಲಿ, ಬಟ್ಟೆ ಕಳೆದರೆ ಅದರ ಬೆಲೆಯ ಸಣ್ಣ ಪಾಲನ್ನಷ್ಟೇ ಕೊಡುತ್ತೇವೆ ಎಂದು ಲಾಂಡ್ರಿಯೊಂದು ಚೀಟಿಯಲ್ಲಿ ಅಚ್ಚು ಹಾಕಿಸಿದ್ದ ಮಾತನ್ನು ಸಾರ್ವಜನಿಕ ಹಿತಕ್ಕೆ ವಿರುದ್ಧವೆಂದು ಒಪ್ಪಲಿಲ್ಲ. ಕನ್ನಡ ಮಾತ್ರ ಓದಬಲ್ಲ ರೈತನಿಗೆ ಇಂಗ್ಲಿಷಿನ ಎಂಟು ಸಾಲನ್ನು ಕೊಟ್ಟು ‘ನೀನು ಒಪ್ಪಿದ್ದೀಯ’ ಎನ್ನುವುದು ಅದಕ್ಕಿಂತ ಯಾವ ರೀತಿಯಲ್ಲೂ ಮೇಲಲ್ಲ.

ಹೊಣೆ ಬೀಜದ ಬೆಲೆಯನ್ನು ಮೀರುವುದಿಲ್ಲ ಎಂಬ ಸಾಲಿನ ಬಗ್ಗೆಯೂ ಒಂದು ಪ್ರಕರಣವಿದೆ. ಇಂಗ್ಲೆಂಡಿನ ರೈತರು ಸುಮಾರು 200 ಪೌಂಡಿನ ಎಲೆಕೋಸಿನ ಬೀಜ ಕೊಂಡು 63 ಎಕರೆಗೆ ಹಾಕಿದರು. ಗಿಡ ಬಂತು, ಗಡ್ಡೆ ಕಟ್ಟಲಿಲ್ಲ. ಬಂದ ಬೀಜ ಬೇರೆ ಜಾತಿಯದು, ಅದೂ ಕಳಪೆ. ನಷ್ಟ 61,000 ಪೌಂಡಿಗೂ ಹೆಚ್ಚು. ಕಂಪನಿ ತೋರಿಸಿದ್ದು, ಬೀಜದ ಬೆಲೆ ವಾಪಸು ಕೊಡುವುದಷ್ಟೇ ನಮ್ಮ ಹೊಣೆ ಎಂಬ ಅಚ್ಚಾದ ಸಾಲನ್ನು. 1983ರಲ್ಲಿ ಹೌಸ್ ಆಫ್ ಲಾರ್ಡ್ಸ್ ಆ ಸಾಲು ನ್ಯಾಯಸಮ್ಮತವಲ್ಲ ಎಂದು ತಳ್ಳಿಹಾಕಿತು. ತಪ್ಪು ನಡೆದದ್ದು ಬೀಜ ಕೊಟ್ಟವರ ಕಡೆಯಲ್ಲಿ, ಇಂಥ ನಷ್ಟಕ್ಕೆ ಬೀಜದ ಬೆಲೆಯನ್ನು ಹೆಚ್ಚೇನೂ ಏರಿಸದೆಯೇ ಅವರು ವಿಮೆ ಮಾಡಿಸಬಹುದಿತ್ತು, ಇಂಥ ದೂರುಗಳು ಬಂದಾಗ ಬೀಜದ ವ್ಯಾಪಾರಿಗಳೇ ಆ ಸಾಲನ್ನು ಬದಿಗಿಟ್ಟು ರಾಜಿ ಮಾಡಿಕೊಳ್ಳುತ್ತಿದ್ದರು ಎಂಬ ಅಂಶಗಳು ಅಲ್ಲಿ ತೂಕ ಪಡೆದವು. 200 ಪೌಂಡು ಮತ್ತು 61,000 ಪೌಂಡಿನ ಅಂತರವನ್ನು ಓದುವಾಗ ನನ್ನ ಕಣ್ಣ ಮುಂದೆ ಬರುವುದು 16,500 ರೂಪಾಯಿ ಮತ್ತು ಮೂರು ಲಕ್ಷದ ಅಂತರ.

ಅಲ್ಲಿ ಹಾಗೆ ತೀರ್ಪು ಕೊಡಲು ಸಾಧ್ಯವಾದದ್ದು, ಹೊಣೆ ಕಳಚಿಕೊಳ್ಳುವ ಬರಹ ನ್ಯಾಯಸಮ್ಮತವೇ ಎಂದು ತೂಗುವ ಅಧಿಕಾರವನ್ನು ಅಲ್ಲಿನ ಸಂಸತ್ತು 1970ರ ದಶಕದಲ್ಲೇ ನ್ಯಾಯಾಲಯಗಳಿಗೆ ಕೊಟ್ಟದ್ದರಿಂದ. ನಮ್ಮ ಕಾನೂನು ಆಯೋಗ 1984ರಲ್ಲಿ ತನ್ನ 103ನೆಯ ವರದಿಯನ್ನು ಒಪ್ಪಂದಗಳಲ್ಲಿನ ಅನ್ಯಾಯದ ಷರತ್ತುಗಳಿಗೇ ಮೀಸಲಿಟ್ಟಿತು. 62ನೆಯ ಕಲಂ ಮಾತ್ರ ಇದ್ದಲ್ಲೇ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಈ ಕೊರತೆಯನ್ನು ಅರ್ಧ ತುಂಬಿದೆ. ಗ್ರಾಹಕನ ಮೇಲೆ ಅಸಮಂಜಸ ಷರತ್ತು ಹೇರಿ ಅವನಿಗೆ ಹಾನಿ ತರುವ ಒಪ್ಪಂದವನ್ನು ಅದು ‘ಅನ್ಯಾಯದ ಒಪ್ಪಂದ’ ಎಂದು ಕರೆಯುತ್ತದೆ. ಆದರೆ ಅಂಥ ಷರತ್ತನ್ನು ಅಸಿಂಧುವೆಂದು ಘೋಷಿಸುವ ಅಧಿಕಾರವನ್ನು ರಾಜ್ಯ ಮತ್ತು ರಾಷ್ಟ್ರೀಯ ಗ್ರಾಹಕ ಆಯೋಗಗಳಿಗೆ ಕೊಟ್ಟು, ಜಿಲ್ಲಾ ಆಯೋಗವನ್ನು ಕೈಬಿಟ್ಟಿದೆ. ಹದಿನಾರು ಸಾವಿರದ ಬೀಜ ಕೊಂಡವನು ಎಂಟು ಸಾಲು ಅಳಿಸಿ ಎಂದು ಕೇಳಲು ರಾಜ್ಯ ಆಯೋಗದ ಮೆಟ್ಟಿಲು ಹತ್ತಬೇಕೆಂಬುದು ಯಾವ ಲೆಕ್ಕ? ಈ ಅಧಿಕಾರ ಜಿಲ್ಲೆಗೆ ಇಳಿಯಬೇಕು. ನಮ್ಮ ಭಾಗದ ಸಂಸದರು ಇದನ್ನು ಸಂಸತ್ತಿನಲ್ಲಿ ಎತ್ತಬೇಕೆಂದು ಕೈಮುಗಿದು ಕೇಳುತ್ತೇನೆ.

ಹಾಗೆಂದು ಜಿಲ್ಲಾ ಆಯೋಗದ ಬಾಗಿಲು ಮುಚ್ಚಿದೆ ಎಂದು ಯಾರೂ ತಿಳಿಯಬಾರದು. ದೋಷಯುಕ್ತ ಮಾಲಿಗೆ ಪರಿಹಾರ ಕೊಡಿಸುವ ಅಧಿಕಾರ ಅದಕ್ಕೆ ಪೂರ್ತಿ ಇದೆ. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಕಂಪನಿ ಎಲ್ಲೇ ಇರಲಿ, ದೂರುದಾರ ತಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ರೈತ ಮಾರುವುದಕ್ಕಾಗಿ ಬೆಳೆಯುತ್ತಾನೆ, ಆದ್ದರಿಂದ ಅವನು ಗ್ರಾಹಕನಲ್ಲ ಎಂಬ ವಾದವನ್ನೂ, ಬೀಜವನ್ನು ಪ್ರಯೋಗಾಲಯಕ್ಕೆ ಕಳಿಸಿಲ್ಲ ಎಂಬ ವಾದವನ್ನೂ ಸುಪ್ರೀಂ ಕೋರ್ಟು 2012ರಲ್ಲಿ ರಾಷ್ಟ್ರೀಯ ಬೀಜ ನಿಗಮ ಮತ್ತು ಆಂಧ್ರದ ರೈತರ ನಡುವಿನ ಪ್ರಕರಣದಲ್ಲಿ ತಳ್ಳಿಹಾಕಿದೆ. ಬಿತ್ತಲೆಂದು ತಂದ ಬೀಜದಲ್ಲಿ ಮುಂದೊಂದು ದಿನ ಪರೀಕ್ಷೆಗೆ ಬೇಕಾದೀತೆಂದು ರೈತ ಒಂದು ಪಾಲು ಎತ್ತಿಡುತ್ತಾನೆಂದು ನಿರೀಕ್ಷಿಸುವುದು ಸಲ್ಲದು ಎಂಬ ಆ ತೀರ್ಪಿನ ಧೋರಣೆ ಹೊಲ ಕಂಡವರದ್ದು. ಇದರ ಜೊತೆಗೆ, ನೋಂದಾಯಿತ ತಳಿಯ ಬೀಜದಿಂದ ಎಂಥ ಫಲ ನಿರೀಕ್ಷಿಸಬಹುದು ಎಂಬುದನ್ನು ತಳಿಗಾರ ರೈತನಿಗೆ ತಿಳಿಸಬೇಕು, ಅದು ಬಾರದಿದ್ದರೆ ರೈತ ಪರಿಹಾರ ಕೇಳಬಹುದು ಎನ್ನುತ್ತದೆ 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ. 1966ರ ಬೀಜ ಕಾಯ್ದೆಯಿಂದ ಹೆಚ್ಚು ನಿರೀಕ್ಷೆ ಬೇಡ; ಅದರಲ್ಲಿ ಮೊದಲ ತಪ್ಪಿಗೆ ದಂಡದ ಮಿತಿ ಬರೆದಿರುವುದು 500 ರೂಪಾಯಿ, ಅಂದರೆ ನಮ್ಮ ಒಂದು ಪಾಕೀಟಿನ ಬೆಲೆಗಿಂತ ಕಡಿಮೆ.

ರಬ್ಬರ್ ಮೊಹರಿನ ವಿಷಯಕ್ಕೆ ಬರುತ್ತೇನೆ. ದೋಷವಿರುವ ಮಾಲನ್ನು ಹಿಂದಕ್ಕೆ ಪಡೆದು ಹಣ ಕೊಡಲು ನಿರಾಕರಿಸುವುದು 2019ರ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಿನಲ್ಲಿ ಅವಧಿ ಬರೆದಿದ್ದರೆ ಆ ಅವಧಿ, ಬರೆಯದಿದ್ದರೆ ಮೂವತ್ತು ದಿನ. ಬಣ್ಣ ಹಿಡಿಸಲಿಲ್ಲ ಎಂದು ಸೀರೆ ವಾಪಸು ತಂದವರಿಗೆ ಮೊಹರು ತೋರಿಸಿದರೆ ತಪ್ಪೇನಿಲ್ಲ, ಕೆಟ್ಟ ಮಿಕ್ಸರ್ ತಂದವರಿಗೆ ತೋರಿಸಿದರೆ ಅದು ತಪ್ಪು. ಆದರೆ ಬೀಜಕ್ಕೆ ಈ ಮೂವತ್ತು ದಿನದ ಲೆಕ್ಕ ಒಗ್ಗುವುದಿಲ್ಲ. ಮೂವತ್ತನೆಯ ದಿನ ನಮ್ಮ ಸಸಿ ಇನ್ನೂ ಮಡಿಯಲ್ಲೇ ಇತ್ತು. ಜಾತಿ ಬೆರಕೆಯೆಂದು ಗಿಡವೇ ಬಾಯಿಬಿಡಲು ನಾಲ್ಕು ತಿಂಗಳು ಬೇಕಾಯಿತು. ಅದೃಷ್ಟಕ್ಕೆ ದೂರು ಕೊಡಲು ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದ ಅವಕಾಶವಿದೆ.

ಇಷ್ಟೆಲ್ಲ ತಿಳಿದ ಚಿಕ್ಕಪ್ಪನಿದ್ದೂ ನಮ್ಮ ಹುಡುಗ ದೂರು ಕೊಡಲಿಲ್ಲ. ಮೂವತ್ತು ಪಾಕೀಟುಗಳಲ್ಲಿ ಉಳಿದಿದ್ದದ್ದು ಎರಡೇ. ಪಂಪಿನ ಮನೆಯ ಗೋಡೆಯ ಸಂದಿಗೆ ಯಾರೋ ತುರುಕಿದ್ದವು. ಬೀಜ ಯಾವ ರಾಶಿಯಿಂದ ಬಂತೆಂದು ಗುರುತಿಸುವ ಲಾಟ್ ಸಂಖ್ಯೆಯ ಜಾಗ ರಸೀದಿಯಲ್ಲಿ ಖಾಲಿ ಇತ್ತು. ಗಿಡ ನಿಂತಿರುವಾಗಲೇ ತೋಟಗಾರಿಕೆ ಅಧಿಕಾರಿಗಳನ್ನು ಹೊಲಕ್ಕೆ ಕರೆಸಿ ಬರವಣಿಗೆಯಲ್ಲಿ ವರದಿ ಪಡೆಯಬೇಕಿತ್ತು. ನಾನು ಅಷ್ಟು ಹೇಳುವ ಹೊತ್ತಿಗೆ ಕಾಯಿ ಬಿಡಿಸಿ ಆಗಿತ್ತು. ಎಲ್ಲಕ್ಕಿಂತ ದೊಡ್ಡ ಕಾರಣ, ಅದೇ ಅಂಗಡಿಯಲ್ಲಿ ಅವನ ಗೊಬ್ಬರ ಮತ್ತು ಔಷಧಿಯ ಉದ್ದರಿ ಇತ್ತು. ಸಾಲ ಕೊಟ್ಟವರ ಮೇಲೆ ದೂರು ಬರೆಯಲು ಕೈ ಏಳುವುದಿಲ್ಲ. ಮಾಲೀಕರು ಮುಂದಿನ ವರ್ಷ ಬೀಜದಲ್ಲಿ ರಿಯಾಯಿತಿ ಕೊಡುತ್ತೇನೆಂದರು, ಅಲ್ಲಿಗೆ ಮುಗಿಯಿತು.

ಅಂಗಡಿಯವರನ್ನು ನಾನು ಶತ್ರುಗಳೆಂದು ಬಗೆಯುವುದಿಲ್ಲ. ಮುಚ್ಚಿದ ಪಾಕೀಟು ಅವರಿಗೆ ಬರುವುದೂ ಅದೇ ಎಂಟು ಸಾಲಿನೊಂದಿಗೆ. ಅವರೂ ಕಂಪನಿಯಿಂದ ಕೊಂಡವರೇ, 15ನೆಯ ಕಲಂ ಅವರ ಪರವಾಗಿಯೂ ನಿಲ್ಲುತ್ತದೆ. ರೈತನಿಗೆ ಕೊಟ್ಟ ಪರಿಹಾರವನ್ನು ಕಂಪನಿಯಿಂದ ವಸೂಲು ಮಾಡಲು ಅವರಿಗೂ ದಾರಿಯಿದೆ. ರೈತ ಮತ್ತು ಅಂಗಡಿಯವರು ಎದುರುಬದುರು ನಿಂತಷ್ಟೂ ಅನುಕೂಲ ದೂರದಲ್ಲಿರುವ ಮೂರನೆಯವರಿಗೆ.

ಆದ್ದರಿಂದ ಈ ಹಂಗಾಮು ಶುರುವಾಗುವ ಮೊದಲೇ ಕೃಷಿ ಮತ್ತು ತೋಟಗಾರಿಕೆ ಇಲಾಖೆಗಳು ಬಳ್ಳಾರಿ, ರಾಯಚೂರು, ಕೊಪ್ಪಳದ ಬೀಜ ಮಾರಾಟಗಾರರ ಸಭೆ ಕರೆದು, ಪಾಕೀಟಿನ ಷರತ್ತುಗಳನ್ನು ಓದಬಲ್ಲಷ್ಟು ದೊಡ್ಡ ಕನ್ನಡ ಅಕ್ಷರದಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ತೂಗುಹಾಕುವಂತೆ, ಪ್ರತಿ ರಸೀದಿಯಲ್ಲೂ ತಳಿಯ ಹೆಸರು ಮತ್ತು ಲಾಟ್ ಸಂಖ್ಯೆ ಬರೆಯುವಂತೆ ಸೂಚಿಸಬೇಕೆಂದು ಕೋರುತ್ತೇನೆ. ಹಣ ಕೊಡುವ ಮೊದಲು ಓದಿದ ರೈತ, ಇಂಥ ಷರತ್ತಿನ ಬೀಜ ಬೇಡವೆಂದು ಪಕ್ಕದ ಅಂಗಡಿಗೆ ಹೋಗಬಲ್ಲ. ನಾಲ್ಕು ಜನ ಹಾಗೆ ಹೋದರೆ ಆ ಸಾಲುಗಳನ್ನು ತಿದ್ದಬೇಕೆಂದು ಕಂಪನಿಗೂ ಅನ್ನಿಸೀತು.

ಮೊನ್ನೆ ನಮ್ಮ ಹುಡುಗ ಈ ವರ್ಷದ ಬೀಜಕ್ಕೆಂದು ಅದೇ ಅಂಗಡಿಗೆ ಹೋಗಿದ್ದ. ನಾನೂ ಜೊತೆಗಿದ್ದೆ. ಲಾಟ್ ಸಂಖ್ಯೆ ಬರೆದುಕೊಡಿ ಎಂದು ಅವನು ಕೇಳಿದಾಗ ಮಾಲೀಕರು ಒಂದು ಕ್ಷಣ ಅವನ ಮುಖ ನೋಡಿ, ಕನ್ನಡಕ ಏರಿಸಿಕೊಂಡು, ಮೂವತ್ತೂ ಪಾಕೀಟುಗಳನ್ನು ಮಗುಚಿ ಒಂದೊಂದರ ಸಂಖ್ಯೆಯನ್ನೂ ಬರೆದರು. ಎರಡು ಬೇರೆ ಬೇರೆ ಲಾಟ್‌ಗಳು ಇದ್ದವು. ಅದನ್ನು ಅವರೂ ಅಂದೇ ಮೊದಲ ಸಲ ಗಮನಿಸಿದ್ದು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ವಾಣಿಜ್ಯಶಾಸ್ತ್ರ ಉಪನ್ಯಾಸಕ,
ಸಿರುಗುಪ್ಪ ತಾಲ್ಲೂಕು, ಬಳ್ಳಾರಿ ಜಿಲ್ಲೆ